ಹಾಕಿದ ಮೇಲೆ ಅದು ರಜೆಯೇ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕತಂಗಿಯರು ಕೂತಿದ್ದರು. ಅಕ್ಕನ ಕೊರಳಲ್ಲಿ ಕಂಪನಿಯ ಐಡಿ ಕಾರ್ಡು ನೇತಾಡುತ್ತಿತ್ತು.

"ರಜಾ ಹಾಕಿದೀನಿ ಅಂದೆ. ಮತ್ತೆ ಕಾರ್ಡ್ ಯಾಕೆ?" ಎಂದಳು ತಂಗಿ.

"ಅಭ್ಯಾಸ ಕಣೇ. ಉಳಿದ ರಜಾ ನಮ್ಮಲ್ಲಿ ಮುಂದಿನ ವರ್ಷಕ್ಕೆ ಹೋಗಲ್ಲ, ಅದಕ್ಕೆ ದುಡ್ಡೂ ಕೊಡಲ್ಲ. ವರ್ಷದ ಕೊನೇಲಿ ಮ್ಯಾನೇಜರ್ರೇ ಎಲ್ರ ಕೈಲೂ ರಜಾ ಹಾಕಿಸ್ತಾರೆ, ಆಮೇಲೆ ಅದೇ ದಿನ ಕೆಲಸಕ್ಕೂ ಕರೀತಾರೆ."

"ಯಾವ ಸೀಮೆ ರಜಾನೇ ಅದು! ಹೋದ ವರ್ಷ ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದ ದಿನಾನೂ ಹಿಂಗೇನಾ?"

"ಹೂಂ."

"ಕಣ್ಣು ಬಿಟ್ಟವಳೇ 'ದೊಡ್ಡವಳೆಲ್ಲಿ' ಅಂದ್ಲು. ರಜಾ ಸಿಗಲಿಲ್ಲ ಅಂದುಬಿಟ್ಟೆ ನಾನು."

ಅಷ್ಟರಲ್ಲಿ ಅಕ್ಕನಿಗೆ ಫೋನ್ ಬಂತು.

"ಇಲ್ಲ ಸಾರ್, ಬರಲ್ಲ. ಇವತ್ತು ನಮ್ಮಮ್ಮನ ಇನ್ನೊಂದು ಕಣ್ಣಿನ ಪಟ್ಟಿ ಬಿಚ್ತಾರೆ... ರಜಾ ಹಾಕು ಅಂದಿದ್ದು ನೀವೇ ಅಲ್ವಾ ಸಾರ್? ಹಾಕಿದ ಮೇಲೆ ಅದು ರಜಾನೇ."

ಬಸ್ಸು ನಿಂತಿತು.

"ಅಕ್ಕಾ, ನಿನ್ನ ಆಫೀಸ್ ಸ್ಟಾಪು."

"ಗೊತ್ತು. ಹೋಗಲಿ ಬಿಡು."

ಅವಳು ಕಾರ್ಡು ತೆಗೆದು ಬ್ಯಾಗಿನ ತಳಕ್ಕೆ ತುರುಕಿದಳು. ಆಸ್ಪತ್ರೆಯ ಸ್ಟಾಪಿನಲ್ಲಿ ಇಬ್ಬರೂ ಎದ್ದರು.

"ಪಟ್ಟಿ ಬಿಚ್ಚೋವಾಗ ನೀನು ಪಕ್ಕಕ್ಕೆ ಸರಿ. ಈ ಸಲ ಅಮ್ಮನ ಎದುರಿಗೆ ನಾನು ನಿಂತ್ಕೋತೀನಿ," ಎನ್ನುತ್ತ ಅಕ್ಕ ಮೊದಲು ಇಳಿದಳು.