ಅಮ್ಮ ಹಿಡಿದ ಚುಕ್ಕಾಣಿ

ತನ್ನ ಅತ್ತಿಗೆಯ ಹೆರಿಗೆಗೆ ಕಾಯುತ್ತ ದಡದ ಪಕ್ಕದ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವಳ ಬಳಿಗೆ ಅವಳಕ್ಕ ತೊಯ್ದು ತೊಪ್ಪೆಯಾಗಿ ಓಡಿಬಂದಳು.

“ಗಾಳಿ ಜೋರು ಅಂತ ದೊಡ್ಡ ದೋಣಿ ಇವತ್ತಿಲ್ವಂತೆ, ಆಚೆ ದಡದಿಂದ ಹೆಂಗೆ ಬಂದ್ರೇ?”

“ಅಣ್ಣನ ಪುಟ್ಟ ಮೋಟಾರು ದೋಣೀಲಿ! ಒಂದೊಂದು ಅಲೆ ಮನೆಯಷ್ಟೆತ್ತರ ಕಣೇ!”

“ಅಯ್ಯೋ! ಅಣ್ಣ ಹೆಂಗೆ ನಡೆಸಿದ್ನೇ?”

“ಅವನೆಲ್ಲಿ? ಅರ್ಧ ದಾರೀಲೇ ವಾಂತಿ ಮಾಡ್ಕೊಂಡು ಮಲಗಿಬಿಟ್ಟ. ನಡೆಸಿದ್ದು ಅಮ್ಮ!”

“ಅಮ್ಮನಾ? ಅವಳು ಯಾವತ್ತೂ ಚುಕ್ಕಾಣಿ ಮುಟ್ಟಿದವಳೇ ಅಲ್ಲ!”

“ಅಪ್ಪ ಇದ್ದಾಗ ನಲವತ್ತು ವರ್ಷ ದೋಣೀಲಿ ಅವನ ಬೆನ್ನ ಹಿಂದೆ ಕೂತು, ‘ಅಲೆಗೆ ಅಡ್ಡ ತಿರುಗಿಸ್ಬೇಡಿ, ದೋಣಿ ಮೂತಿ ಎದುರಿಗೆ ಹಿಡೀರಿ’ ಅಂತ ತಲೆ ತಿಂದಿದ್ಲಲ್ಲ? ಅದನ್ನೇ ಗಟ್ಟಿಯಾಗಿ ಹೇಳ್ಕೊಳ್ತಾ ಹಂಗೇ ಮಾಡಿದ್ಲು!”

“ಈಗೆಲ್ಲಿ?”

“ದಡದಲ್ಲೇ. ಅಣ್ಣ ದೋಣಿ ಕಟ್ಟಿದ್ದು ಸರಿಯಿಲ್ವಂತೆ, ಹಗ್ಗ ಬಿಚ್ಚಿಸಿ ಮತ್ತೆ ಕಟ್ಟಿಸ್ತಿದಾಳೆ.”

ಒಳಗೆ ಮಗು ಅತ್ತಿತು. ಇಬ್ಬರೂ ದಡದ ಕಡೆ ಓಡಿದರು.

“ಅಮ್ಮಾ, ಆ ಹಗ್ಗ ಬಿಡೇ! ಮಗು ಬಂತು!”