ಹೊಸ ಜಾತಿಯ ಚಪ್ಪಟೆ ಮೀನು

ಬೈಂಡಿಂಗ್ ಅಂಗಡಿಯ ಸಾಲಿನಲ್ಲಿ ಮುಂದೆ ನಿಂತಿದ್ದ ಮೀನು ಮಾರುವ ಹೆಂಗಸು ಜೊತೆಗಿದ್ದ ತನ್ನ ಅಕ್ಕನ ಮಗನ ಸಂಶೋಧನಾ ಪ್ರಬಂಧವನ್ನು ತಿರುವಿ ಹಾಕತೊಡಗಿದಾಗ ಹಿಂದೆ ನಿಂತಿದ್ದ ಟೈಲರ್‌ನ ಕಿವಿ ನೆಟ್ಟಗಾಯಿತು.

“ಎರಡು ಕಣ್ಣೂ ಎಡಕ್ಕಿವೆಯಲ್ಲೋ!”

“ಅದಕ್ಕೇ ಇದು ಹೊಸ ಜಾತಿ, ಚಿಕ್ಕಮ್ಮ. ಮರಿಯಾಗಿದ್ದಾಗ ಆಚೆಗೊಂದು ಈಚೆಗೊಂದು ಕಣ್ಣಿರುತ್ತೆ. ಬೆಳೀತಾ ಒಂದು ಕಣ್ಣು ಇನ್ನೊಂದರ ಪಕ್ಕಕ್ಕೆ ಸರಿಯುತ್ತೆ. ಆಮೇಲೆ ಕುರುಡು ಮಗ್ಗುಲು ಕೆಳಗೆ ಮಾಡಿ ಮರಳಲ್ಲಿ ಮಲಗುತ್ತೆ.”

“ನನಗೇ ಪಾಠಾನಾ? ಮೂವತ್ತು ವರ್ಷದಿಂದ ಕುಯ್ತಿದೀನಿ, ಇದರ ಕಣ್ಣು ಬಲಕ್ಕೇ. ಎಲ್ಲಿ ಆ ಮೀನು?”

“ಅವತ್ತೇ ತಿಂದ್ವಲ್ಲ. ಫೋಟೋ ಇದೆ.”

“ಫೋಟೋದಲ್ಲಿ ನನ್ನ ತಕ್ಕಡಿಯ ಅಂಕಿಗಳೂ ಕನ್ನಡೀಲಿ ಕಂಡ ಹಾಗೆ ಉಲ್ಟಾ ಇವೆ. ಅದೂ ಹೊಸ ಜಾತಿ ತಕ್ಕಡೀನಾ, ಪಂಡಿತ?”

“ಕೊಡೋಕೆ ಇವತ್ತೇ ಕೊನೇ ದಿನ! ಪರೀಕ್ಷಕರಿಗೆ ಗೊತ್ತಾಗಲ್ಲ ಬಿಡು.”

“ಅವರು ಮೀನು ತಗೊಳ್ಳೋದು ನನ್ನ ಹತ್ರಾನೇ.”

ಪ್ರಬಂಧವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳು ಹೊರಟೇಬಿಟ್ಟಳು. ಪಂಡಿತ ಹಿಂದೆಯೇ ಓಡಿದ.