ಕಡೇ ಪುಟದ ಹೆಸರು

ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ತಳಿ ಊರಿನ ಬಸ್ಸಿಗೆ ಕಾಯುತ್ತಿದ್ದ ಭದ್ರಮ್ಮನ ಪಕ್ಕದಲ್ಲೇ ಇಬ್ಬರು ಹೆಂಗಸರು ದಪ್ಪ ನೋಟ್‌ಬುಕ್ಕೊಂದನ್ನು ಬಿಚ್ಚಿಕೊಂಡು ಕೂತಿದ್ದರು. ವಾರಪತ್ರಿಕೆಯ ಧಾರಾವಾಹಿಯಲ್ಲಿ ಸತ್ತುಹೋದ ಸುಲೋಚನಳನ್ನು ಬದುಕಿಸಿ, ಅವರ ಊರಿನ ಹೆಂಗಸರೇ ಸೇರಿ ಬರೆದ ಮುಂದಿನ ಕತೆಯಂತೆ ಅದು.

"ಮುನಿರತ್ನಕ್ಕಾ, ಕಡೇ ಪುಟದಲ್ಲಿ ಇದೇನು?" ಎಂದಳು ಚಿಕ್ಕವಳು.

"ಲೆಕ್ಕ ಕಣೇ ಅಂಜಮ್ಮ. ಈ ಹೊಸ ನೋಟ್‌ಬುಕ್ಕಿಗೆ ಯಾರ್ಯಾರು ಎಷ್ಟೆಷ್ಟು ಕೊಟ್ರು ಅಂತ ಎಲ್ರಿಗೂ ಗೊತ್ತಾಗ್ಬೇಕಲ್ಲ."

"ಹತ್ತು ರೂಪಾಯಿ... ಅಯ್ಯೋ, ಇದು ನಮ್ಮ ಮಾವನ ಹೆಸ್ರು!"

"ಹೂಂ, ಅವ್ರೇ."

"ಹಳೇ ನೋಟ್‌ಬುಕ್ಕ ಒಲೆಗಾಕಿ ಸುಟ್ಟಿದ್ದೇ ಅವ್ರಲ್ವಾ!"

"ಸುಡೋಕೆ ಮುಂಚೆ ಓದವ್ರೆ."

ಭದ್ರಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಅಗಿಯುವುದನ್ನೇ ಮರೆತಳು.

"ಓದವ್ರಾ? ನಾನು ಬರ್ದಿದ್ದೂ?"

"ಅದನ್ನೇ ಓದಿರೋದು. ನಮ್ಮನೆ ತಾವ ಬಂದು ದುಡ್ಡು ಕೊಟ್ಟು, ಹೆಸ್ರು ಬರೀಬೇಡಮ್ಮ ಅಂದ್ರು. ಲೆಕ್ಕದಲ್ಲಿ ಬಚ್ಚಿಡೋಕಾಗಲ್ಲ ಅಂದ್ಬುಟ್ಟೆ."

"ಇನ್ನೇನಂದ್ರು?"

ಸೂಳಗಿರಿ ಬಸ್ಸು ಬಂತು. ಮುನಿರತ್ನಮ್ಮ ನೋಟ್‌ಬುಕ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದಳು.

"ನೀನು ಬರ್ದಿದ್ದೀಯಲ್ಲ, ಸುಲೋಚನನ್ನ ಗೋಳುಹೊಯ್ಕೊಳ್ಳೋ ಮಾವ, ಅವ್ನಿಗೆ ವಯಸ್ಸಾದ್ಮೇಲೆ ಅನ್ನ ಯಾರು ಹಾಕ್ತಾರೆ ಅಂತ ಕೇಳಿದ್ರು. ನಡಿಯೇ, ಬಸ್ಸು ಹೊಂಟೋಯ್ತದೆ."